ಬಲಗಡೆಗೆ ಬಂದ ಗೇರು

ಪಾರ್ಶ್ವವಾಯು ಹೊಡೆದ ಮೇಲೆ ಹಿಲ್ಡಾ ಪಾರ್ಗೆಟರಳ ಎಡಗೈ ಹೇಳಿದ ಮಾತು ಕೇಳುವುದನ್ನು ಬಿಟ್ಟಿತ್ತು. ಕಾಲು ಪುಣ್ಯಕ್ಕೆ ಉಳಿದಿತ್ತು. ಸ್ಟೀರಿಂಗ್ ಮೇಲೆ ಎತ್ತಿಟ್ಟರೆ ಎಡಗೈ ಬೆರಳುಗಳು ಹಿಡಿದುಕೊಳ್ಳುತ್ತಿದ್ದವು, ಅಷ್ಟೇ. ಗೇರು ಎಳೆಯುವ ಕಸುವು ಇರಲಿಲ್ಲ. ಅವಳ ಹಳೆಯ ಹಸಿರು ಸ್ಪೋರ್ಟ್ಸ್ ಕಾರಿನ ಗೇರಿನ ಕೋಲೋ ಎಡಗಡೆಯೇ ಇತ್ತು. ಮಾರಿಬಿಡು ಎಂದು ಕವೆಂಟ್ರಿ ಊರಿನ ಅವಳ ಬೀದಿಯೆಲ್ಲ ಬುದ್ಧಿ ಹೇಳಿತು. ಕಾರ್ಖಾನೆಯಲ್ಲಿ ಗೇರ್‌ಬಾಕ್ಸ್ ಜೋಡಿಸಿಯೇ ಮುದುಕಿಯಾದವಳಿಗೆ, ಪ್ರತಿ ಬೇಸಿಗೆ ಗುಡ್ಡದ ಓಟದಲ್ಲಿ ಆ ಕಾರು ಹತ್ತಿಸಿದವಳಿಗೆ, ಬುದ್ಧಿ ಹೇಳುವ ಚಪಲ ಜನಕ್ಕೆ ಯಾಕೋ! ಕೈ ಗೇರಿನ ಹತ್ತಿರ ಹೋಗದಿದ್ದರೆ ಗೇರೇ ಕೈಯ ಹತ್ತಿರ ಬರಲಿ ಎಂದು ಅವಳು ಶೆಡ್ಡಿನ ಬಾಗಿಲು ತೆರೆದಳು.

ಹಳೆಯ ಕೋಲನ್ನು ಕಿತ್ತು, ಸೀಟಿನ ಕೆಳಗೆ ಅಡ್ಡ ಸರಳು ತೂರಿಸಿ, ಬಲಬಾಗಿಲ ಪಕ್ಕ ಹೊಸ ಕೋಲು ನಿಲ್ಲಿಸಿದಳು. ಒಂದೇ ಕೈ, ಇನ್ನೊಂದರ ಕೆಲಸ ಹಲ್ಲು ಮಾಡಿತು. ಮೊದಲ ಸಲ ಎಲ್ಲ ತಿರುಗುಮುರುಗು: ಒಂದನೇ ಗೇರಿಗೆ ನೂಕಿದರೆ ಎರಡನೆಯದು ಬಿತ್ತು. ತನ್ನನ್ನೇ ಬೈದುಕೊಂಡು ಬಿಚ್ಚಿ, ಸರಳಿನ ತುದಿಯ ಕಬ್ಬಿಣದ ತೋಳನ್ನು ಮೇಲುಕೆಳಗು ಮಾಡಿ ಕೂರಿಸಿದಳು. ಆಗ ಸರಿಯಾಯಿತು.

ಓಟದ ದಿನ, ಅದನ್ನು ನಡೆಸುವ ಕ್ಲಬ್ಬಿನ ಕಾರ್ಯದರ್ಶಿ ಲಯೋನೆಲ್ ಟ್ರಾಂಟರ್ ಬಾಗಿಲೊಳಗೆ ಇಣುಕಿ ಮುಖ ಸಿಂಡರಿಸಿದ. ಮೂಲರೂಪದ ಕಾರುಗಳ ಜೊತೆ ಇದನ್ನು ಸೇರಿಸುವಂತಿಲ್ಲ, ಎಂಜಿನ್ ಹಿಗ್ಗಿಸಿ ವೇಗ ಹೆಚ್ಚಿಸಿಕೊಂಡ ಹುಡುಗರ ಕಾರುಗಳ ಜೊತೆ ಓಡಬೇಕಾಗುತ್ತದೆ ಎಂದ.

"ಹಠ ಬಿಡು ಮಾರಾಯ್ತಿ. ಓಟಕ್ಕೆ ಮುಂಚಿನ ಮೆರವಣಿಗೇಲಿ ಎಲ್ಲಕ್ಕಿಂತ ಮುಂದಿನ ಕಾರಲ್ಲಿ ಕೂತ್ಕೊಂಡು ಕೈ ಬೀಸು. ಈ ಕಾರಿಗೆ ಗೇರು ಹುಟ್ಟಿನಿಂದ ಎಡಗಡೆ."

"ನನ್ನ ಎಡಗೈನೂ ಹುಟ್ಟಿದಾಗ ಹೀಗಿರ್ಲಿಲ್ಲ ಲಯೋನೆಲ್. ಅದನ್ನ ಯಾರ ಜೊತೆ ಸೇರಿಸ್ತೀಯ?"

ಅವನದು ಕೆಟ್ಟ ಮನಸ್ಸಲ್ಲ. ಅದಕ್ಕೇ ಅವಳಿಗೆ ಇನ್ನಷ್ಟು ಉರಿಯಿತು. ಹುಡುಗರ ಜೊತೆಗೇ ಓಡುತ್ತೇನೆಂದು ಹೆಸರು ಬರೆಸಿದಳು.

ಕಡಿದಾದ ತಿರುವಿನವರೆಗೆ ಕಾರು ಚೆನ್ನಾಗಿಯೇ ಹತ್ತಿತು. ಅಲ್ಲಿ ಎರಡನೇ ಗೇರಿಗೆ ಇಳಿಸಬೇಕು. ಅಷ್ಟು ವರ್ಷಗಳ ಅಭ್ಯಾಸ ಎಲ್ಲಿಗೆ ಹೋಗುತ್ತದೆ? ಹಾಳು ಎಡಗೈ ಸ್ಟೀರಿಂಗ್ ಬಿಟ್ಟು, ಕೋಲಿಲ್ಲದ ಹಳೆಯ ಜಾಗವನ್ನು ಹುಡುಕಿಕೊಂಡು ಹೋಗಿ ತೊಡೆಯ ಮೇಲೆ ಬಿತ್ತು. ಕಾರು ಹುಲ್ಲಿಗೆ ಉಜ್ಜಿ, ಏದುಸಿರು ಬಿಟ್ಟು ನಿಂತೇ ಹೋಗುವಂತಾಯಿತು. ಹಿಲ್ಡಾ ಬಲಗೈಯಿಂದ ಅದನ್ನು ರಸ್ತೆಗೆಳೆದು, ಗೇರು ಬದಲಿಸಿ, ತುದಿ ಮುಟ್ಟಿಸಿದಳು. ಹತ್ತಲು ತೆಗೆದುಕೊಂಡ ಸಮಯದಲ್ಲಿ ಎಲ್ಲರಿಗಿಂತ ಕೊನೆಯವಳಾದಳು.

ಕಾರಿನಲ್ಲೇ ಗುಡ್ಡ ಇಳಿದು ಬಂದಾಗ ಟ್ರಾಂಟರ್ ಅಡ್ಡ ನಿಂತಿದ್ದ. ಎಲ್ಲರಿಗೂ ತೋರಿಸಿಯಾಯಿತಲ್ಲ, ಇನ್ನು ಸಾಕು ಎಂದ. ಆದರೆ ಆ ಗುಡ್ಡದಲ್ಲಿ ಪ್ರತಿಯೊಬ್ಬರಿಗೂ ಎರಡು ಸಲ ಹತ್ತುವ ಹಕ್ಕು. ಅವಳದಿನ್ನೂ ಒಂದು ಬಾಕಿಯಿತ್ತು.

"ತೋರ್ಸೋಕೆ ಬಂದಿಲ್ಲ, ಓಡ್ಸೋಕೆ ಬಂದಿದೀನಿ. ಸುಮ್ನೆ ನಿಂತಿದೀಯಲ್ಲ, ನನ್ನ ಈ ಎಡಗೈ ಎತ್ತಿ ಸ್ಟೀರಿಂಗ್ ಮೇಲಿಡು."

ಟ್ರಾಂಟರ್ ಸುತ್ತ ನೋಡಿದ. ಆಮೇಲೆ ಬಗ್ಗಿ, ಅವಳ ತಣ್ಣಗಿನ ಕೈಯನ್ನು ಎತ್ತಿ, ಬೆರಳುಗಳನ್ನು ಒಂದೊಂದಾಗಿ ಮಡಿಸಿ ಹಿಡಿಸಿದ.

"ಬಿಗಿಯಾಗಿ," ಎಂದಳು ಹಿಲ್ಡಾ.

ಅವನು ಬಿಗಿಯಾಗಿ ಹಿಡಿಸಿ, ದಾರಿ ಬಿಟ್ಟು ನಿಂತ.