ಮೂರನೆಯ ಬಡಿತವನ್ನು ತಡೆದವನು

ನಮ್ಮ ಗಣಿ ಕುಸಿದ ಕಥೆಯ ಸಿನಿಮಾದಲ್ಲಿ ಜನರ ಎದೆ ಡವಡವ ಅನ್ನುವುದೇ ನನ್ನಿಂದ ಎಂದು ಸಂತೆಯಲ್ಲೆಲ್ಲ ಹೇಳಿಕೊಂಡು ತಿರುಗುತ್ತಿದ್ದೇನೆ. ಅರ್ಧ ಸುಳ್ಳು. ಆ ಅರ್ಧ ಸೆನೋನ್ ಕಾಯೋ ಎಂಬವನ ಪಾಲಿನದು.

ಬೆಳಗಿನ ಜಾವ. ಹಳೇ ಗಣಿಯ ಬಾಯಲ್ಲಿ ಸೆನೋನ್ ಕೂತಿದ್ದಾನೆ. ಒರೂರೊ ಪಟ್ಟಣದ ಕಡೆಯ ಲಾರಿಗಳು ಹೊರಡುವ ಮೊದಲೇ ಅವನು ಸಿನಿಮಾಕ್ಕೆ ಗಣಿಯ ಗಂಟೆಯ ಸದ್ದು ಹಿಡಿಯಬೇಕು. ಕೆನ್ನೆಯಲ್ಲಿ ಕೋಕಾ ಎಲೆ, ತಲೆಗೆ ಉಣ್ಣೆ ಟೋಪಿ, ಅದರ ಮೇಲೆ ಹೆಡ್‌ಫೋನು. ಪಕ್ಕದಲ್ಲಿ ನಾನು; ಹಿರಿಯಳೆಂದು ನನ್ನನ್ನು ದೋನ್ಯಾ ಅನ್ನುತ್ತಾನೆ.

"ದೋನ್ಯಾ ಪೆಟ್ರೋನಾ, ಸ್ವಲ್ಪ ಉಸಿರಾಡೋದು ನಿಲ್ಲಿಸ್ತೀರಾ?"

"ಇನ್ನೆರಡು ವರ್ಷ ತಡಿಯಪ್ಪ, ತಾನಾಗೇ ನಿಲ್ಲುತ್ತೆ."

ಸಿನಿಮಾಕ್ಕೆ ಸದ್ದು ಕೂಡಿಸುವುದು ಅವನ ಕಸುಬು. ಒಣ ಜೋಳ ಸುರಿದು ಬೆಟ್ಟವನ್ನೇ ಉರುಳಿಸುತ್ತಾನೆ. ತೆರೆಯ ಮೇಲೆ ಅವನ ಹೆಸರು ಬರುವಷ್ಟರಲ್ಲಿ ಜನ ಬಾಗಿಲು ದಾಟಿರುತ್ತಾರೆ. ಅವನಪ್ಪ ಇದೇ ಗಣಿಯ ತೊಟ್ಟಿಯನ್ನು ಮೇಲೆಳೆಯುವ ಯಂತ್ರ ನಡೆಸುತ್ತಿದ್ದವನು. ಅದರ ಗದ್ದಲದಲ್ಲೇ ಬೆಳೆದ ಸೆನೋನನಿಗೆ ಎಡಗಿವಿ ಮಂದ.

ಕೆಳಗಿನವರು ಹಗ್ಗ ಜಗ್ಗಿದರೆ ಮೇಲೆ ಗಂಟೆ ಬಡಿಯುತ್ತದೆ. ಎರಡು ಬಡಿತವಾದರೆ ತೊಟ್ಟಿಯಲ್ಲಿ ಅದಿರು, ಇಲ್ಲವೇ ಹೆಣ. ಮೂರಾದರೆ ಜೀವವಿರುವ ಮನುಷ್ಯ. ಕುಸಿತದ ದಿನ ನನ್ನ ಗಂಡ ಸಾತುರ್ನಿನೊ ಪ್ರಜ್ಞೆ ತಪ್ಪಿದ್ದ. ಜೊತೆಯವರು ಅವನನ್ನು ತೊಟ್ಟಿಗೆ ಹಾಕಿ ಹಗ್ಗ ಜಗ್ಗಿದರು. ಮೇಲೆ ನಾನು ಬಡಿತ ಎಣಿಸುತ್ತ ನಿಂತಿದ್ದೆ.

ಅವನು ಬದುಕಿ ಬಂದದ್ದು ಊರಿಗೆಲ್ಲ ಗೊತ್ತು. ಗೊತ್ತಿರುವ ಕಥೆಗೆ ಭಯ ಎಲ್ಲಿಂದ ತರುವುದು? ಆ ಬಡಿತಗಳ ನಡುವೆ ನಿರ್ದೇಶಕಿ ಅರಾಸೆಲಿಗೆ ಡೋಲು ಬೇಕು, ಸೆನೋನನಿಗೆ ಬೇಡ.

"ಊರವರಿಗೇ ಮೊದಲು ತೋರಿಸೋಣ," ಅನ್ನುತ್ತಾಳೆ ಅವಳು. "ಒಬ್ಬರು ಆಕಳಿಸಿದ್ರೂ ಡೋಲೇ ಗಟ್ಟಿ."

ಸೆನೋನ್ ನನ್ನ ಕಡೆ ತಿರುಗುತ್ತಾನೆ. "ಆವತ್ತು ಮೂರನೇ ಬಡಿತ ಎಷ್ಟು ತಡ ಆಯ್ತು?"

"ಎರಡು ಮಕ್ಕಳನ್ನ ಹೆತ್ತು ಬಾಣಂತನ ಮುಗಿಸೋವಷ್ಟು!"

"ನಮ್ಮಪ್ಪ ಒಂದು ಉಸಿರಿನಷ್ಟು ಅಂತಿದ್ದ."

"ಮತ್ತೆ ನನ್ನ ಯಾಕೋ ಕೇಳ್ತೀಯ?"

"ಅಪ್ಪ ಕಾದಿದ್ದು ಗಂಟೆಗೆ, ನೀವು ಕಾದಿದ್ದು ಗಂಡನಿಗೆ. ನಡೆದಿದ್ದನ್ನ ಬದಲಾಯಿಸಲ್ಲ ದೋನ್ಯಾ. ನೀವು ಕಾದಷ್ಟು ಹೊತ್ತು ಅವರೂ ಕಾಯಲಿ."

ಭಾನುವಾರ ಕಾರ್ಮಿಕ ಸಂಘದ ಸಭಾಂಗಣ ತುಂಬಿದೆ. ತೆರೆಯ ಮೇಲೆ ಹಗ್ಗ ಅಲುಗುತ್ತಿದ್ದಂತೆ ಹಿಂದಿನಿಂದ ಮುದುಕ ಫೌಸ್ತೊ ಕೂಗುತ್ತಾನೆ: "ಬರ್ತಾನೆ ಬಿಡ್ರಪ್ಪಾ! ಬಂದ ಮೇಲೆ ಸಾಯೋ ತನಕ ನನಗೆ ಇಸ್ಪೀಟಲ್ಲಿ ಮೋಸ ಮಾಡ್ದ!" ಎಲ್ಲರೂ ನಗುತ್ತಾರೆ. ಸೆನೋನನ ಮುಖ ಬಿಳಿಚಿಕೊಳ್ಳುತ್ತದೆ.

ಒಂದು ಬಡಿತ. ಎರಡು.

ಆಮೇಲೆ ಏನೂ ಇಲ್ಲ. ಗಾಳಿಯೂ ಇಲ್ಲ. ಕೋಕಾ ಅಗಿಯುವ ದವಡೆಗಳೆಲ್ಲ ನಿಂತಿವೆ. ಪಕ್ಕದ ಮನೆಯ ಕಾಸಿಲ್ಡಾಳ ಉಗುರು ನನ್ನ ತೋಳಿನ ಮೂಳೆ ಮುಟ್ಟಿದೆ. ಬದುಕಿ ಬಂದ ಗಂಡನ ಗೊರಕೆ ಕೇಳಿಕೊಂಡೇ ಮುದುಕಿಯಾದವಳು ನಾನು, ಎದ್ದು ನಿಂತು ಕಿರುಚುತ್ತೇನೆ: "ಜಗ್ಗ್ರೋ! ಇನ್ನೊಂದ್ಸಲ ಜಗ್ಗ್ರೋ!"

ಮೂರನೆಯ ಬಡಿತ.

ಇಡೀ ಸಭಾಂಗಣ ಒಟ್ಟಿಗೆ ಉಸಿರು ಬಿಡುತ್ತದೆ. ಊರಿನ ದೀಪಗಳೆಲ್ಲ ಆರಿಹೋಗುವಷ್ಟು. ಫೌಸ್ತೊ ಟೋಪಿಯಲ್ಲಿ ಮುಖ ಒರೆಸಿಕೊಳ್ಳುತ್ತಿದ್ದಾನೆ. ಅರಾಸೆಲಿ ಮೂಗು ಒರೆಸಿಕೊಂಡು, "ಡೋಲಿನವರಿಗೆ ಬರಬೇಡಿ ಅಂತ ಹೇಳಿಬಿಡಿ," ಅನ್ನುತ್ತಾಳೆ.

ಸೆನೋನನಿಗೆ ಈಗ ಇನ್ನೊಂದೇ ಆಸೆ. "ನಿಮ್ಮ ಯಜಮಾನ್ರು ಕಣ್ಣು ಬಿಟ್ಟಾಗ ನೀವು ಹೇಳಿದ ಮೊದಲ ಮಾತು ಬೇಕು ದೋನ್ಯಾ. ನಿಮ್ಮ ದನೀಲೇ."

ಅವನ ಬಲಗಿವಿಯಲ್ಲಿ ಹೇಳುತ್ತೇನೆ. ಅವನು ನಕ್ಕು ನಕ್ಕು ಬೆಂಚಿನಿಂದ ಜಾರುತ್ತಾನೆ. ಮುದ್ದಿನ ಮಾತಂತೂ ಅಲ್ಲ. ಏನಿರಬಹುದು, ನೀವೇ ಹೇಳಿ ನೋಡೋಣ.