ಹೊಳೆ ದಾಟಿಸಿದ ಬೆಕ್ಕು

ಸಾವಂತ್ರೆವ್ವ ರಹಿಮತಬಿಯನ್ನು ಮೊದಲು ಕಂಡದ್ದು ಅವಳಿಂದ ಬೈಸಿಕೊಂಡ ದಿನ. ಮಗಳ ಮದುವೆಗೆ ಗಾದಿ ಮಾಡಿಸಬೇಕೆಂದು ಹೊಲದ ಅರಳೆ ಗಂಟು ಕಟ್ಟಿಕೊಂಡು ಮುಂಡರಗಿಯಲ್ಲಿ ಅರಳೆ ಹಿಂಜುವ ಪಿಂಜಾರರ ಓಣಿಗೆ ಹೋಗಿದ್ದಳು. ರಹಿಮತಬಿ ಗಂಟು ಬಿಚ್ಚಿ ಒಂದು ಹಿಡಿ ಎತ್ತಿ ನೋಡಿದಳು.

"ಅರಳಿ ತಾ ಅಂದ್ರ ಹೊಲಾನ ಕಟಗೊಂಡು ಬಂದೀಯಲ್ಲ ಯವ್ವಾ! ಇದರ ಮ್ಯಾಲೆ ಮಗಳು ಮಲಗಬೇಕೋ, ಬಿತ್ತಬೇಕೋ?"

ಬೈದು ಸುಮ್ಮನಾಗಲಿಲ್ಲ. "ಕುಂಡ್ರು, ನೀನೂ ಆರಿಸು" ಅಂದಳು. ಇಬ್ಬರೂ ಎದುರುಬದುರು ಕೂತು ಎಲೆಯ ಪುಡಿ, ಕಡ್ಡಿ, ಬೀಜದ ಚೂರು ಆರಿಸಿದರು. ಆರಿಸುತ್ತ ಆರಿಸುತ್ತ ಗೆಳೆತನವಾಯಿತು. ಗಂಡ ತೀರಿದ ಮೇಲೆ ಸಾವಂತ್ರೆವ್ವ ಅದೇ ಓಣಿಯಲ್ಲಿ ಮನೆ ಹಿಡಿದಳು.

ರಹಿಮತಬಿ ಹಿಂಜಿದ ಅರಳೆಯ ಗಾದಿ ಎಂದರೆ ಸುತ್ತಿನ ಹಳ್ಳಿಗಳಲ್ಲಿ ಮಾತಿಲ್ಲ. ಮಗ ಅಬ್ದುಲಗನಿ ಅಂಗಡಿ ಇಟ್ಟದ್ದು ಅವಳ ಬೆರಳ ಹೆಸರಿನ ಮೇಲೆ. ಅಂಗಡಿಯ ಅರಳೆ ರಾಶಿಯಲ್ಲೇ ಒಂದು ಬೆಕ್ಕು ಮರಿ ಹಾಕಿತ್ತು. ಅದರಲ್ಲಿ ಬೆಳ್ಳಗಿದ್ದ ಒಂದನ್ನು ರಹಿಮತಬಿ ಉಳಿಸಿಕೊಂಡು ಅರಳಿ ಅಂತಲೇ ಹೆಸರಿಟ್ಟಳು. ಉಣ್ಣುವಾಗ ಮೊದಲ ತುತ್ತು ಅದಕ್ಕೆ, ಆಮೇಲೆ ತನಗೆ.

ಅವಳ ಗಂಡ ಬುಡ್ಡೇಸಾಬ ಕಡೆಗಾಲಕ್ಕೆ ಅರಳುಮರಳಾಗಿ ಹಾಸಿಗೆ ಹಿಡಿದಾಗ ಅರಳಿ ಅವನ ಮೊಣಕಾಲ ಸಂದಿಯಲ್ಲೇ ಮಲಗಿತ್ತು. ಅವನು ಹೋದ. ಎದುರುಮನೆಯ ದುರಗವ್ವನಿಗೂ ಹಾಗೇ ಬುದ್ಧಿ ಮಬ್ಬಾಯಿತು, ಬೆಕ್ಕು ಅಲ್ಲಿಯೂ ಹೋಗಿ ಕೂತಿತು. ಅವಳೂ ಹೋದಳು.

"ಅದು ಬೆಕ್ಕಲ್ಲ ಯವ್ವಾ, ಯಮನ ಮನಿ ಓಲೆಕಾರ" ಎಂದು ಓಣಿಯ ಸಾವಕ್ಕ ನೀರಿನ ನಳದ ಹತ್ತಿರ ಸಾರಿದಳು.

"ಮಲಗಿದವರ ಹಾಸಿಗಿ ಬೆಚ್ಚಗಿರತೈತಿ, ಅವರು ಕಾಲಿಲೆ ಒದಿಯಂಗಿಲ್ಲ. ಅದಕ್ಕ ಹೋಗತೈತಿ" ಅಂದಳು ಸಾವಂತ್ರೆವ್ವ. "ನಿನ್ನ ಹತ್ರ ಯಾಕ ಬರವಲ್ದು? ನೀ ಒದಿಯಾಕಿ."

ಎಲ್ಲರೂ ನಕ್ಕರು. ಆದರೆ ನಂಬಿದ್ದು ಸಾವಕ್ಕನನ್ನೇ.

ವಯಸ್ಸು ಎಪ್ಪತ್ತೆಂಟಾಗುವ ಹೊತ್ತಿಗೆ ರಹಿಮತಬಿಗೇ ಮರೆವು ಹತ್ತಿತು. ಅಕ್ಕಿಯ ಡಬ್ಬಿಯಲ್ಲಿ ಅರಳೆ ತುಂಬಿಟ್ಟಳು. ಮಗನನ್ನು ನೋಡಿ "ನೀವು ಯಾವೂರವರ್ರಿ?" ಅಂದಳು. ಸಾವಂತ್ರೆವ್ವನಂತೂ ಅವಳಿಗೆ ಒಂದು ದಿನ ಅತ್ತೆಯಾದಳು, ಒಂದು ದಿನ ಬಳೆಗಾರತಿಯಾದಳು. ರಹಿಮತಬಿ ಹಾಸಿಗೆ ಹಿಡಿದ ಮೇಲೆ ಅರಳಿ ಅವಳ ತೊಡೆಯ ಮೇಲಿಂದ ಇಳಿಯಲಿಲ್ಲ. ಅದರ ಕೂದಲಲ್ಲಿ ಅವಳ ಬೆರಳು ದಿನವಿಡೀ ಕಸ ಆರಿಸುತ್ತಿತ್ತು. ಕಡ್ಡಿ ಸಿಕ್ಕರೆ ಪಕ್ಕಕ್ಕಿಡುವಳು, ಸಿಗದಿದ್ದರೂ ಇಡುವಳು. ಬೆಕ್ಕು ಮಿಸುಕುತ್ತಿರಲಿಲ್ಲ.

ಸೊಸೆ ನಜಮಾ ಚಮಚೆ ಹಿಡಿದು ಬಂದರೆ ಮುದುಕಿ ಹಲ್ಲು ಕಚ್ಚುತ್ತಿದ್ದಳು. ಹಾಲುನುಚ್ಚಿನ ತಾಟನ್ನು ಸಾವಂತ್ರೆವ್ವ ಮುದುಕಿಯ ಕೈಗೇ ಕೊಡುತ್ತಿದ್ದಳು. ರಹಿಮತಬಿ ಬೆರಳು ಅದ್ದಿ ಬೆಕ್ಕಿನ ಮುಂದೆ ಹಿಡಿಯುವಳು, ಅದು ನೆಕ್ಕುವುದು, ಆಮೇಲೆ ಕೈ ತಾನಾಗಿ ತನ್ನ ಬಾಯಿಗೆ ಬರುವುದು. ತಲೆ ಮರೆತಿದ್ದನ್ನು ಕೈ ಮರೆತಿರಲಿಲ್ಲ.

"ಬೆಕ್ಕು ಹೋದ್ರ ಇಕಿ ಕೂಳೂ ಹೋತು, ನೆಪ್ಪಿರಲಿ" ಎಂದು ಸಾವಂತ್ರೆವ್ವ ಮನೆಯವರಿಗೆ ಬಿಡಿಸಿ ಹೇಳಿದ್ದಳು.

ಆದರೂ ಒಂದು ಮುಂಜಾನೆ ನುಚ್ಚು ತಂದರೆ ತೊಡೆಯ ಮೇಲೆ ಬೆಕ್ಕಿಲ್ಲ. ಅಬ್ದುಲಗನಿ ತಾಯಿಯ ಕಾಲ ಹತ್ತಿರ ತಲೆ ತಗ್ಗಿಸಿ ಕೂತಿದ್ದ.

"ಚೀಲದಾಗ ಹಾಕಿ ಕೊರ್ಲಹಳ್ಳಿಗೆ ಒಯ್ದೆ ಯಕ್ಕಾ. ಹರಗೋಲದಾಗ ಹೊಳಿ ದಾಟಿಸಿ ಆಚಿ ದಂಡಿಗೆ ಬಿಟ್ಟು ಬಂದೆ. ನೀರು ದಾಟಿದ ಬೆಕ್ಕು ದಾರಿ ಹಿಡದು ಬರಂಗಿಲ್ಲ."

"ಯಾಕೋ ತಮ್ಮಾ?"

"ಅಪ್ಪನ್ನ ಒಯ್ತು. ಅವ್ವ ಒಬ್ಬಾಕಿ ಉಳದಾಳ."

"ಹೆತ್ತಾಕಿ ಮುಂದ ಕುಂತು ಹೇಳತೀಯಲ್ಲೋ!"

"ಆಕಿಗೇನು ತಿಳೀತೈತಿ, ಬಿಡು."

ಅವನ ಕೈಮೇಲೆ ಉಗುರಿನ ಗೀರುಗಳಿದ್ದವು. ತಾಯಿ ಬದುಕಲಿ ಎಂದೇ ಮಾಡಿದ್ದ. ಅದಕ್ಕೆ ಅವನನ್ನು ಬೈಯಲೂ ಬರುವಂತಿರಲಿಲ್ಲ.

ಅಂದು ರಹಿಮತಬಿ ಬೆರಳನ್ನು ನುಚ್ಚಿನಲ್ಲಿ ಅದ್ದಿ ಮುಂದೆ ಹಿಡಿದಳು. ನೆಕ್ಕುವವರಿಲ್ಲ. ಹಾಗೇ ಹಿಡಿದಳು. ಬೆರಳಿನ ಹಾಲು ಹಾಸಿಗೆಯ ಮೇಲೆ ತೊಟ್ಟಿಕ್ಕಿತು, ಕೈ ಬಾಯಿಗೆ ಬರಲಿಲ್ಲ. ನಜಮಾ ಬೇರೆ ಬೆಕ್ಕಿನ ಮರಿ ತಂದಳು, ಅದು ಪರಚಿ ಓಡಿತು. ಸಾವಂತ್ರೆವ್ವ ಒಂದು ಮುದ್ದೆ ಅರಳೆ ಬಿಸಿಲಿಗೆ ಕಾಸಿ ತೊಡೆಯ ಮೇಲಿಟ್ಟಳು. ಮುದುಕಿ ಅದನ್ನು ತಿಕ್ಕಿ ನೋಡಿ ಆಚೆ ನೂಕಿದಳು.

"ಹಳೇ ಅರಳಿ ಇದು. ಬ್ಯಾಡ."

ದಿನದಿಂದ ದಿನಕ್ಕೆ ಸೊರಗಿದಳು. "ನೋಡಿದ್ರ್ಯಾ, ಅದು ಆಗಲೇ ಕರದು ಹೋಗಿತ್ತು. ಬೆಕ್ಕು ಒಯ್ಯೋದು ತಡಾ ಮಾಡಿದ್ರು" ಅಂದಳು ಸಾವಕ್ಕ. ಓಣಿ ತಲೆಯಾಡಿಸಿತು. ಸಾವಂತ್ರೆವ್ವ ಕೊಡ ತುಂಬಿಕೊಂಡು ಮನೆಗೆ ನಡೆದಳು. ಹೊತ್ತಿಗೆ ಸರಿಯಾಗಿ ನುಚ್ಚು ತರುವಳು, ಒಂದಷ್ಟು ಹೊತ್ತು ಕೂತು ಹಾಗೇ ಒಯ್ಯುವಳು.

ಕಡೆಯ ದಿನ ನಂಟರು ಪಡಸಾಲೆಯಲ್ಲಿ ಸೇರಿದ್ದರು. ಅಬ್ದುಲಗನಿ ಹೊಸ್ತಿಲ ಮೇಲಿದ್ದ. ಸಾವಂತ್ರೆವ್ವ ಬಾಗಿ, ಅಲ್ಲಿಯವರೆಗೆ ಹೇಳದ ಸುಳ್ಳು ಹೇಳಿದಳು.

"ಅರಳಿ ಮಾಳಗಿ ಮ್ಯಾಲೆ ಮಲಗೈತಿ ಯವ್ವಾ, ಈಗ ಇಳದು ಬರತೈತಿ. ಒಂದು ತುತ್ತು ತಿನ್ನು."

ರಹಿಮತಬಿ ಕಣ್ಣು ತೆರೆದು ಅವಳನ್ನೇ ನೋಡಿದಳು. ಅತ್ತೆಯನ್ನಲ್ಲ, ಬಳೆಗಾರತಿಯನ್ನಲ್ಲ.

"ಸಾವಂತ್ರೀ, ಹೊಳಿ ಆಚಿ ಅದಕ್ಕ ಹಾಲು ಹಾಕೋರು ಯಾರದಾರ?"