ಗರಡಿ ಮನೆಯ ಫುಟ್‌ಬಾಲು

ಬೆಳಿಗ್ಗೆ ಹೆಂಡತಿ ನನ್ನ ತೊಡೆಗೆ ಬೆಚ್ಚಗಿನ ಎಳ್ಳೆಣ್ಣೆ ತಿಕ್ಕಿ ಒಳಗೆ ಹೋಗುವಷ್ಟರಲ್ಲಿ ಬಾದಾಮಿಯ ಹುಡುಗಿ ಬಂದಳು. ಮೊಣಕಾಲಿನ ಆಪರೇಷನ್ ಆದ ಮೇಲೆ ನನಗೆ ಮತ್ತೆ ನಡೆಯುವುದನ್ನು ಕಲಿಸುವ ಕೆಲಸ ಅವಳದು. "ಅಂಕಲ್ಲರ, ಇವತ್ತ ಕುರ್ಚಿ ಬಿಟ್ಟು ಕೂತು ಏಳಬೇಕ್ರಿ" ಎಂದಳು. ನಾನು ಕುರ್ಚಿಯನ್ನು ಇನ್ನಷ್ಟು ಗಟ್ಟಿಯಾಗಿ ಹಿಡಿದುಕೊಂಡೆ.

"ಬಿದ್ರ ಏನ್ ಮಾಡ್ಲವ್ವಾ?"

"ಈಗ ಅಂಜಿ ಬಿಟ್ರ ಕಾಲು ಹಿಂಗ ಸೆಟದ ಉಳಿತೈತ್ರಿ. ಆಮ್ಯಾಲ ನನ್ನ ಬೈಬ್ಯಾಡ್ರಿ."

ಕೂತು ಏಳುವುದಕ್ಕೆ ಅವಳ ಬಳಿ ಏನೋ ಇಂಗ್ಲಿಷ್ ಹೆಸರಿದೆ. ನನಗೆ ಅದು ಬೈಠಕ್. ತೊಡೆಯ ಎಣ್ಣೆಯ ವಾಸನೆ ಮೂಗಿಗೆ ಅಡರಿ, ಬೈಠಕ್ ಎಂಬ ಶಬ್ದ ನೆನಪಾಗಿ, ನಾನು ಇಳಕಲ್ಲಿನ ಗರಡಿ ಮನೆಯ ಗಿಡ್ಡ ಬಾಗಿಲಿನ ಮುಂದೆ ನಿಂತುಬಿಟ್ಟೆ. ಕುರ್ಚಿ ಹಿಡಿದುಕೊಂಡೇ ಆ ಕತೆಯನ್ನು ಅವಳಿಗೆ ಹೇಳತೊಡಗಿದೆ. ಬನ್ನಿ, ನೀವೂ ತಲೆ ತಗ್ಗಿಸಿಯೇ ಒಳಗೆ ಬರಬೇಕು.

ಎಪ್ಪತ್ತರ ದಶಕದ ಮಾತು. ನಮ್ಮೂರಿನಲ್ಲಿ ಆಗ ಕುಸ್ತಿ ಎಂದರೆ ಊರಿಗೆ ಊರೇ ನೆರೆಯುತ್ತಿತ್ತು. ಫುಟ್‌ಬಾಲು ಎಂದರೆ ಮೈದಾನದಲ್ಲಿ ಮಲಗಿದ ಎಮ್ಮೆ ಸಹ ಎದ್ದು ದಾರಿ ಬಿಡುತ್ತಿರಲಿಲ್ಲ. ಅಂಥ ಆಟದ ಹುಚ್ಚು ನನಗೆ ಹಿಡಿದಿತ್ತು. ಕಾಲಲ್ಲಿ ಓಟವಿತ್ತು, ಮೈಯಲ್ಲಿ ಮಾತ್ರ ಏನೂ ಇರಲಿಲ್ಲ. ಅಪ್ಪನ ಮಗ್ಗದ ಸದ್ದಿಗೆ ಮನೆಯ ಗೋಡೆ ಅದುರುತ್ತಿದ್ದ ಹಾಗೆ, ಎದುರಾಳಿಯ ಭುಜ ತಾಗಿದರೆ ಸಾಕು, ನಾನು ಅದುರಿ ಉರುಳುತ್ತಿದ್ದೆ. ನಮ್ಮ ಶಾಲೆಯ ಡ್ರಿಲ್ ಮಾಸ್ತರು ಒಂದು ಸಂಜೆ ಎಲ್ಲರ ಎದುರಿಗೇ ಹೇಳಿಬಿಟ್ಟರು: "ನೀ ಬೀಳೂದು ಬಿಡೂತನಾ ಟೀಮಿನಾಗ ನಿನಗ ಜಾಗಾ ಇಲ್ಲ."

ಆ ರಾತ್ರಿ ಊಟ ಸೇರಲಿಲ್ಲ. ಹನ್ನೊಂದು ಜನರಲ್ಲಿ ಒಬ್ಬನಾಗುವುದು ಬಿಟ್ಟು ನನಗೆ ಜಗತ್ತಿನಿಂದ ಬೇರೇನೂ ಬೇಕಿರಲಿಲ್ಲ. ನಮ್ಮ ಟೀಮಿನ ಗೋಲ್‌ಕೀಪರು, ನನ್ನ ಗೆಳೆಯ ಮೈಬೂಬ, ಮರುದಿನವೇ ದಾರಿ ತೋರಿಸಿದ. "ಗಟ್ಟಿ ಆಗಬೇಕಂದ್ರ ಹುಚ್ಚೀರಪ್ಪ ವಸ್ತಾದನ ಕಡೆ ನಡಿಯಲೇ."

ಹುಚ್ಚೀರಪ್ಪ ವಸ್ತಾದ ಎಂದರೆ ಕುಸ್ತಿ ಕಲಿಸುವ ಗುರು. ಜೋಳದ ಚೀಲದಂಥ ಎದೆ, ಅದರ ಮೇಲೆ ಸಣ್ಣ ಲಿಂಗದ ಕರಡಿಗೆ. ಮೈಬೂಬನ ಕಂಕುಳಲ್ಲಿದ್ದ ಚೆಂಡನ್ನು ನೋಡಿ ಮೊದಲು ಗದರಿದ್ದೇ, "ತೊಗಲಿಂದ ಐತೇನ ಅದು? ಚಪ್ಲಿ ಬಿಟ್ಟಲ್ಲೇ ಬಿಟ್ಟು ಒಳಗ ಬರ್ರಿ!" ಗರಡಿಯ ಮಣ್ಣಿಗೆ ತೊಗಲು ತಾಗಬಾರದು. ಹೀಗೆ ನಮ್ಮ ಫುಟ್‌ಬಾಲು ತರಬೇತಿ ಫುಟ್‌ಬಾಲನ್ನು ಹೊರಗಿಟ್ಟೇ ಶುರುವಾಯಿತು.

ಆಮೇಲಿನದ್ದು ಏನೆಂದು ಹೇಳಲಿ! ದಂಡ ಹೊಡೆ, ಬೈಠಕ್ ಹೊಡೆ, ಸಂಗ್ರಾಣಿ ಕಲ್ಲು ಎತ್ತು, ಕೆಂಪು ಮಣ್ಣಿನಲ್ಲಿ ಜೋಡಿ ಹಿಡಿ. ಮೊದಮೊದಲು ಮನೆಯ ಮೆಟ್ಟಿಲು ಇಳಿಯುವಾಗ ತೊಡೆ ನಡುಗಿ ಅವ್ವನ ಹೆಗಲು ಹಿಡಿಯುತ್ತಿದ್ದೆ. ಅಮೀನಗಡಕ್ಕೆ ಹೋದ ನೆಂಟರೆಲ್ಲ ಕಸುವಿಗೆಂದು ಅಲ್ಲಿಯ ಅಂಟು-ಬೆಲ್ಲದ ಸಿಹಿ ಕರದಂಟು ತರಬೇಕೆಂದು ಮನೆಯಲ್ಲಿ ಕಾನೂನು ಮಾಡಿದೆ. ಬೇಸಿಗೆ ಮುಗಿಯುವ ಹೊತ್ತಿಗೆ ಅಂಗಿಯ ತೋಳು ಬಿಗಿಯಾಯಿತು. ಮಾಸ್ತರು ಬಂದು ಭುಜಕ್ಕೆ ಒಮ್ಮೆ ಗುದ್ದಿ ನೋಡಿದರು. ನಾನು ಅಲುಗಲಿಲ್ಲ. ಜಾಗ ಸಿಕ್ಕಿತು.

ಪಂದ್ಯ ಬಾಗಲಕೋಟೆಯಲ್ಲಿ. ಹುನಗುಂದ ದಾಟುವವರೆಗೂ ಬಸ್ಸಿನಲ್ಲಿ ನನ್ನದೇ ಮಾತು. ವಸ್ತಾದನೂ ಹಳದಿ ರುಮಾಲು ಸುತ್ತಿ ನಮ್ಮ ಜೊತೆಗೇ ಬಂದಿದ್ದ. ಅವನು ಫುಟ್‌ಬಾಲು ಪಂದ್ಯ ನೋಡುವುದು ಅದೇ ಮೊದಲು. ಆಟ ಮುಗಿಯಲು ಇನ್ನೇನು ಸ್ವಲ್ಪವೇ ಹೊತ್ತು. ಎರಡೂ ಕಡೆ ಗೋಲಿಲ್ಲ. ಅವರ ಕಡೆಯ ದಪ್ಪನೆಯ ಹುಡುಗನೊಬ್ಬ ಚೆಂಡು ಹೊಡೆದುಕೊಂಡು ಬಂದ. ನಾನು ಭುಜ ಕೊಟ್ಟೆ. ಅವನು ನೆಲಕ್ಕೆ ಅಂಗಾತ ಬಿದ್ದ. ಬೆನ್ನು ಪೂರ್ತಿ ಮಣ್ಣಿಗೆ!

ನಗಬೇಡಿ. ತಿಂಗಳುಗಟ್ಟಲೆ ಗರಡಿಯಲ್ಲಿ ಕಲಿತದ್ದು ಅದೇ ತಾನೆ. ಎದುರಾಳಿಯ ಬೆನ್ನು ನೆಲ ಮುಟ್ಟಿದರೆ ಕುಸ್ತಿ ಮುಗಿಯಿತು. ನಾನು ನಿಂತೆ. ತೊಡೆ ತಟ್ಟಿದೆ. ಕೈ ಮೇಲೆತ್ತಿದೆ. ಪದ್ಧತಿಯ ಪ್ರಕಾರ ಸೋತವನನ್ನು ಎಬ್ಬಿಸಲು ಬಾಗಿದೆ. "ಲೇ, ಚೆಂಡ! ಚೆಂಡ ನೋಡಲೇ!" ಎಂದು ಮೈಬೂಬ ಹಿಂದಿನಿಂದ ಗಂಟಲು ಹರಿದುಕೊಳ್ಳುತ್ತಿದ್ದ. ನನ್ನ ಕೈಗೆ ಕೈ ಕೊಡದೆ ಆ ಹುಡುಗ ಉರುಳಿ ಎದ್ದ, ಎರಡು ಜಿಗಿತಕ್ಕೆ ಚೆಂಡು ಮುಟ್ಟಿದ, ಗೋಲು ಹೊಡೆದ. ನನ್ನ ಕೈ ಇನ್ನೂ ಗಾಳಿಯಲ್ಲೇ ಇತ್ತು.

ಬರುವಾಗ ಬಸ್ಸಿನಲ್ಲಿ ಯಾರೂ ನನ್ನ ಪಕ್ಕದಲ್ಲಿ ಕೂರಲಿಲ್ಲ. ಅದು ಬೈದದ್ದಕ್ಕಿಂತ ಕೆಟ್ಟದಾಗಿತ್ತು. ಅಮೀನಗಡ ದಾಟಿದ ಮೇಲೆ ವಸ್ತಾದ ಪಕ್ಕಕ್ಕೆ ಬಂದು ಕೂತ. "ತಪ್ಪು ನಂದಪಾ. ಕುಸ್ತ್ಯಾಗ ಬಿದ್ದಾಂವ ಮುಗದ. ನಿಮ್ಮ ಆಟದಾಗ ಬಿದ್ದಾಂವ ಏಳ್ತಾನ. ನಾ ನಿನಗ ಬೀಳಸೂದು ಕಲಿಸೀನಿ, ಏಳೂದು ಕಲಿಸಿಲ್ಲ. ನಾಳೆ ಹಳ್ಳಕ್ಕ ಬಾ."

ಹಳ್ಳದ ಉಸುಕಿನಲ್ಲಿ ಹೊಸ ಪಾಠ ಶುರುವಾಯಿತು. ಅವನು ನನ್ನನ್ನು ಎತ್ತಿ ಒಗೆಯಬೇಕು, ಮೈಬೂಬ ಚೆಂಡನ್ನು ದೂರಕ್ಕೆ ಒದೆಯಬೇಕು, ಚೆಂಡು ನಿಲ್ಲುವುದರೊಳಗೆ ನಾನು ಎದ್ದು ಅದನ್ನು ಮುಟ್ಟಬೇಕು. ಉಸುಕಿನಲ್ಲಿ ಕಾಲು ಹೂತು, ಬಾಯಿ ತುಂಬ ಮಣ್ಣು ಮುಕ್ಕಿ, ಸಾಕಪ್ಪಾ ಎಂದು ಮಲಗಿದರೆ ಮೇಲಿನಿಂದ ಒಂದೇ ದನಿ: "ಎದ್ದೇಳಲೇ, ಆಟ ಇನ್ನೂ ಐತಿ!" ಒಂದು ವರ್ಷ ಅದೇ ದನಿ. ಸಿಟ್ಟು ಬರುತ್ತಿತ್ತು, ಅಳು ಬರುತ್ತಿತ್ತು, ಆದರೂ ಏಳುತ್ತಿದ್ದೆ. ಕರದಂಟಿನಿಂದ ಬರದ ಕಸುವು ಆ ಹಟದಿಂದ ಬಂತು ಎಂದು ನನ್ನ ನಂಬಿಕೆ. ಬಾದಾಮಿಯ ಹುಡುಗಿ ಒಪ್ಪುತ್ತಾಳೋ ಇಲ್ಲವೋ ಗೊತ್ತಿಲ್ಲ.

ಮರುವರ್ಷ ಮತ್ತೆ ಬಾಗಲಕೋಟೆ, ಮತ್ತೆ ಅದೇ ದಪ್ಪ ಹುಡುಗ. ಮಾಸ್ತರು ಒಲ್ಲದ ಮನಸ್ಸಿನಿಂದಲೇ ನನ್ನನ್ನು ಆಟಕ್ಕೆ ಇಳಿಸಿದ್ದರು. ಈ ಸಲ ಅವನೇ ನನಗೆ ಭುಜ ಕೊಟ್ಟ, ನಾನು ಅಂಗಾತ ಬಿದ್ದೆ. ಅವನು ಗೋಲಿನ ಕಡೆ ಹೊರಟ. ಹೇಗೆ ಎದ್ದೆನೋ, ಹೇಗೆ ಓಡಿದೆನೋ, ಅವನು ಒದೆಯಲು ಕಾಲೆತ್ತುವಷ್ಟರಲ್ಲಿ ನನ್ನ ಕಾಲು ಚೆಂಡಿನ ಮೇಲಿತ್ತು. ಪಂದ್ಯ ಗೆದ್ದೆವೆಂದು ಬರೆಯುವ ಆಸೆ ನನಗೂ ಇದೆ. ಬರಾಬರಿ ಆಯಿತು, ಅಷ್ಟೇ. ಆದರೆ ಮಾಸ್ತರು ಬಸ್ಸಿನಲ್ಲಿ ನನ್ನನ್ನು ಪಕ್ಕಕ್ಕೆ ಕೂರಿಸಿಕೊಂಡರು. ಶಾಲೆ ಬಿಡುವವರೆಗೂ ನನ್ನ ಜಾಗ ಯಾರೂ ಕೇಳಲಿಲ್ಲ.

"ಕತಿ ಚಂದ ಐತ್ರಿ ಅಂಕಲ್ಲರ" ಎಂದಳು ಹುಡುಗಿ, ಗಡಿಯಾರ ನೋಡುತ್ತ. "ಆದ್ರ ಕುರ್ಚಿ ಇನ್ನೂ ನಿಮ್ಮ ಕೈಯಾಗ ಐತಿ."

ಸಿಕ್ಕಿಬಿದ್ದೆ. ಕುರ್ಚಿ ಬಿಟ್ಟೆ. ಕೂತೆ. ಏಳಲು ಹೋದಾಗ ಮೊಣಕಾಲು ಉರಿಯಿತು, ತೊಡೆ ನಡುಗಿತು, ಅವಳು ಗಾಬರಿಯಿಂದ ಕೈ ಚಾಚಿದಳು. "ಬ್ಯಾಡವ್ವಾ, ಹಿಡೀಬ್ಯಾಡ" ಎಂದೆ. ಬಾಗಿಲಲ್ಲಿ ಹೆಂಡತಿ ಎಣ್ಣೆಯ ಬಟ್ಟಲು ಹಿಡಿದು ನಿಂತಿದ್ದಳು. ಹಲ್ಲು ಕಚ್ಚಿ, ಇಂಚಿಂಚಾಗಿ, ಎದ್ದು ನಿಂತೆ.

"ಸಾಕ್ರಿ, ಇವತ್ತಿಗೆ ಇಷ್ಟ ಸಾಕು" ಎಂದಳು ಹುಡುಗಿ.

"ಇನ್ನೊಂದ ಮಾಡ್ತೇನಿ ತಡಿ" ಎಂದು ಕುರ್ಚಿಯನ್ನು ಕಾಲಿನಿಂದ ದೂರಕ್ಕೆ ತಳ್ಳಿದೆ. "ಆಟ ಇನ್ನೂ ಐತಿ."